ಮೈನರ್ ಗುರುತಿಸಲು ಯಾವ ದಾರಿ?

ಶಿರಸಿಯಲ್ಲಿ ಭಜನೆಗೆ ಹಾರ್ಮೋನಿಯಂ ನುಡಿಸುತ್ತ ಬೆಳೆದು ಈಗ ಕೀಬೋರ್ಡ್ ಹಿಡಿದವರಿಗೆ ಪಾಶ್ಚಾತ್ಯ ಸಂಗೀತದ ಮೇಜರ್, ಮೈನರ್ ಸ್ವರಶ್ರೇಣಿಗಳಲ್ಲಿ ಮೈನರನ್ನು ಗುರುತಿಸಲು ಎರಡು ದಾರಿಗಳಿವೆ.

ಮೊದಲನೆಯದು ನೆಂಟಸ್ತಿಕೆಯದು. ಸಿ ಮೇಜರಿನ ಏಳು ಬಿಳಿ ಕೀಗಳನ್ನೇ ಆರನೆಯದಾದ ಎ ಇಂದ ಆರಂಭಿಸಿದರೆ ಎ ಮೈನರ್. ಸ್ವರಲಿಪಿ ಓದಿ ನುಡಿಸುವವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ಆದರೆ ಕಿವಿ ಸಿ ಯನ್ನೇ ಷಡ್ಜವೆಂದು, ಅಂದರೆ ಆಧಾರ ಸ್ವರವಾದ ‘ಸ’ ಎಂದು, ನಂಬಿಬಿಡುತ್ತದೆ.

ಎರಡನೆಯದು ಷಡ್ಜವನ್ನು ಕದಲಿಸದೆ ಗಾಂಧಾರವನ್ನು (ಗ) ಕೇಳುವುದು. ಷಡ್ಜದಿಂದ 4 ಅರ್ಧಸ್ವರ (ಕಪ್ಪು ಕೀಗಳೂ ಸೇರಿ, ಒಂದು ಕೀಯಿಂದ ಪಕ್ಕದ ಕೀಗೆ ಇರುವ ಅಂತರ) ಮೇಲಿದ್ದರೆ ಮೇಜರ್, 3 ಆದರೆ ಮೈನರ್. ಉಳಿದ ಬಣ್ಣವೆಲ್ಲ ಆಮೇಲಿನದು. ಗ, ಧ, ನಿ ಮೂರೂ ಕೋಮಲವಾದರೆ (ಅರ್ಧಸ್ವರ ಇಳಿದರೆ) ನ್ಯಾಚುರಲ್ ಮೈನರ್. ನಮ್ಮವರಿಗೆ ಅದು ಆಸಾವರಿ ಥಾಟಿನ (ಥಾಟ್ ಎಂದರೆ ಹಿಂದುಸ್ತಾನಿ ಸಂಗೀತದ ಮೂಲ ಸ್ವರಶ್ರೇಣಿ) ಸ್ವರಗಳು. ನಿಷಾದ ಮಾತ್ರ ಶುದ್ಧವಾದರೆ ಹಾರ್ಮೋನಿಕ್ ಮೈನರ್, ಅಂದರೆ ಕೀರವಾಣಿ ರಾಗದ ಸ್ವರಗಳು. ಎಷ್ಟು ಹತ್ತಿರದ ಬಂಧುಗಳಿವು! ಗ, ಧ, ನಿ ಜೊತೆಗೆ ರಿಷಭವೂ (ರಿ) ಕೋಮಲವೆನಿಸಿದರೆ ನೀವು ಭೈರವಿ ಥಾಟಿನ ಅಂಗಳದಲ್ಲಿದ್ದೀರಿ, ಅದನ್ನು ಮೈನರಿನೊಂದಿಗೆ ಬೆರೆಸಬೇಡಿ.

ಕಾರವಾರದ ಚರ್ಚಿನಲ್ಲಿ ಲಿಪಿ ನೋಡಿ ನುಡಿಸುವವರಾದರೆ ಮೊದಲ ದಾರಿ ಸಾಕು. ಶಾರ್ಪ್, ಫ್ಲ್ಯಾಟ್ ಗುರುತಿಲ್ಲದ ಹಾಡಿನಲ್ಲಿ ಜಿ ಶಾರ್ಪ್ ಮತ್ತೆ ಮತ್ತೆ ಬಂದು ಎ ಗೆ ಏರಿದರೆ ಅದು ಎ ಮೈನರ್. ಹಾಡುವವರ ಹಿಂದೆ ಕೇಳಿಯೇ ನುಡಿಸುವವರು ಎರಡನೆಯದನ್ನೇ ಹಿಡಿಯಿರಿ. ತಂಬೂರಿ ಹಚ್ಚಿಟ್ಟು ದಿನವೂ ಎರಡು ಗಾಂಧಾರಗಳನ್ನು ಹಾಡಿಕೊಳ್ಳಿ.