ದಪ್ಪಂದು, ನಡುವಿಂದು, ತೆಳ್ಳಂದು: ಮೂರು ಲ್ಯಾಪ್‌ಟಾಪ್‌ಗಳ ಕಿಂಡಿ ಮತ್ತು ದೀಪ

ಗದಗಿನ ಆ ಹಾಲ್‌ನಲ್ಲಿ ಪ್ರೊಜೆಕ್ಟರಿನಿಂದ ಇಳಿಬಿದ್ದ ಕೇಬಲ್ಲಿನ ತುದಿ ನೀಲಿ ಬಣ್ಣದ್ದು, ಎರಡೂ ಬದಿಗೆ ಬೆರಳಲ್ಲಿ ತಿರುಗಿಸುವ ಸ್ಕ್ರೂ. ನನ್ನ ಕೈಯಲ್ಲಿ ತಮ್ಮನ ತೆಳ್ಳನೆಯ ಲ್ಯಾಪ್‌ಟಾಪ್. ಎಡಕ್ಕೆ ಎರಡು ಸಿ-ಟೈಪ್ ಕಿಂಡಿ, ಬಲಕ್ಕೆ ಹೆಡ್‌ಫೋನಿನ ಒಂದು ತೂತು, ಅಷ್ಟಕ್ಕೆ ಮುಗಿಯಿತು. ಎದುರಿಗೆ ನಲವತ್ತು ಹುಡುಗರು. "ಮೇಡಂರ, ಅದು ಇದಕ್ಕ ಹತ್ತಂಗಿಲ್ಲೇನ್ರಿ?" ಅಂತ ಮುಂದಿನ ಬೆಂಚಿನವಳು ಕೇಳಿದಳು. ಹತ್ತಲಿಲ್ಲ. ಆ ಭಾನುವಾರ ಭೂಗೋಳದ ನಕಾಶೆಗಳನ್ನೆಲ್ಲ ಸೀಮೆಸುಣ್ಣದಲ್ಲಿ ಬರೆದೆ.

ನಾನು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಪಾಠ ಹೇಳುವವಳು. ವಾರದಲ್ಲಿ ನಾಲ್ಕು ದಿನ ಧಾರವಾಡದ ಸಪ್ತಾಪುರ, ಎರಡು ದಿನ ಹುಬ್ಬಳ್ಳಿಯ ವಿದ್ಯಾನಗರ, ಭಾನುವಾರ ಗದಗ. ಮೂರು ಊರು, ಮೂರು ಥರದ ಪ್ರೊಜೆಕ್ಟರು. ಹೊಸ ಲ್ಯಾಪ್‌ಟಾಪ್ ತಗೋಬೇಕೋ ಬೇಡವೋ ಎಂಬ ಯೋಚನೆಯಲ್ಲಿದ್ದೆ. ಕೈಗೆ ಸಿಕ್ಕ ಮೂರನ್ನು ಒಂದೊಂದು ತಿಂಗಳು ಇದೇ ಓಡಾಟದಲ್ಲಿ ಬಳಸಿ ನೋಡಿದೆ. ದಪ್ಪಂದು ಅಂದರೆ ಮನೆಯವರು ಸೆಕೆಂಡ್ ಹ್ಯಾಂಡ್ ತಂದ 2011ರ ಮಾಡೆಲ್, ಎರಡೂವರೆ ಕೇಜಿ ಮೀರಿದ್ದು. ನಡುವಿಂದು 2020ರಲ್ಲಿ ನಾನೇ ಕೊಂಡದ್ದು. ತೆಳ್ಳಂದು ತಮ್ಮ ಬೆಂಗಳೂರಿನಿಂದ ತಂದು ಬಿಟ್ಟುಹೋದದ್ದು. ಪ್ರೊಸೆಸರು, ರ್‍ಯಾಮ್ ಹೋಲಿಸುವವರು ಬೇಕಾದಷ್ಟು ಜನ ಇದ್ದಾರೆ. ನಾನು ನೋಡಿದ್ದು ಹೊರಮೈಯನ್ನು: ನಾಲ್ಕು ಅಂಚಿನಲ್ಲಿ ಏನಿದೆ, ಯಾವ ದೀಪ ಏನು ಹೇಳುತ್ತದೆ. ದಿನಾ ನಮ್ಮ ಕೈ ತಾಗುವುದು ಅಲ್ಲಿಗೇ.

ಪ್ರೊಜೆಕ್ಟರಿನಿಂದಲೇ ಶುರು ಮಾಡುತ್ತೇನೆ. ಆ ನೀಲಿ ತುದಿ ವಿಜಿಎ. ಮೂರು ಸಾಲಿನಲ್ಲಿ ಹದಿನೈದು ಪಿನ್ನಿನ ಜಾಗ, ಇಂಗ್ಲಿಷಿನ ಡಿ ಅಕ್ಷರದ ಆಕಾರ. 1987ರಲ್ಲಿ ಐಬಿಎಂ ತಂದದ್ದು. ಹೊಸ ಲ್ಯಾಪ್‌ಟಾಪಿನವರು ಅದನ್ನು ಎಂದೋ ಕೈಬಿಟ್ಟರೂ ನಮ್ಮ ಕಡೆಯ ಹಾಲ್‌ಗಳಲ್ಲಿ ಸೂರಿಗೆ ಕಟ್ಟಿದ ಹಳೆಯ ಪ್ರೊಜೆಕ್ಟರು ಇರುವವರೆಗೂ ಅದು ಇದ್ದೇ ಇರುತ್ತದೆ. ಹಚ್ಚುವಾಗ ಒತ್ತಾಯ ಮಾಡಬಾರದು. ಒಂದು ಪಿನ್ ಬಾಗಿದರೆ ಪರದೆ ಇಡೀ ಹಳದಿಗೋ ಗುಲಾಬಿಗೋ ತಿರುಗುತ್ತದೆ. ದಪ್ಪಂದಕ್ಕೆ ಈ ಕಿಂಡಿ ಎಡ ಅಂಚಿನಲ್ಲೇ ಇದೆ. ಗದಗಿನಲ್ಲಿ ಹಚ್ಚಿದ ಕೂಡಲೇ ಚಿತ್ರ ಬಂತು. ಆದರೆ ವಿದ್ಯಾನಗರದಲ್ಲಿ ಗೋಡೆಗೆ ದೊಡ್ಡ ಟಿವಿ, ಅದಕ್ಕೆ ಚಿತ್ರ, ಧ್ವನಿ ಎರಡನ್ನೂ ಒಂದೇ ವೈರಿನಲ್ಲಿ ಒಯ್ಯುವ ಎಚ್‌ಡಿಎಂಐ ಕಿಂಡಿ ಮಾತ್ರ. ದಪ್ಪಂದು ಅಲ್ಲಿ ಸೋತಿತು. ವಿಜಿಎಯಲ್ಲಿ ಚಿತ್ರವಷ್ಟೇ ಹೋಗುತ್ತದೆ, ಧ್ವನಿ ಹೋಗುವುದಿಲ್ಲ. ಅದರಿಂದ ಎಚ್‌ಡಿಎಂಐಗೆ ಬದಲಿಸುವ ಡಬ್ಬಿಗೆ ಬೇರೆ ಕರೆಂಟು, ಬೇರೆ ಆಡಿಯೋ ವೈರು ಎಲ್ಲ ಬೇಕು.

ನಡುವಿಂದಕ್ಕೆ ಎಚ್‌ಡಿಎಂಐ ಇದೆ. ಚಪ್ಪಟೆ ಕಿಂಡಿ, ಕೆಳಗಿನ ಎರಡು ಮೂಲೆ ಒಳಕ್ಕೆ ಕತ್ತರಿಸಿದ ಹಾಗೆ. ಯುಎಸ್‌ಬಿ ಅಂದುಕೊಂಡು ಪೆನ್ ಡ್ರೈವ್ ತುರುಕಲು ಹೋಗುವವರನ್ನು ನಾನು ನೋಡಿದ್ದೇನೆ. ವಿದ್ಯಾನಗರದಲ್ಲಿ ನೇರ ಕೇಬಲ್, ಗದಗಿನಲ್ಲಿ ಬೆರಳುದ್ದದ ಒಂದು ಕನ್ವರ್ಟರ್. ಅದರೊಳಗೆ ಚಿಪ್ ಇರಬೇಕು ಎಂಬುದನ್ನು ಮರೆಯಬೇಡಿ. ಎಚ್‌ಡಿಎಂಐ ಡಿಜಿಟಲ್, ವಿಜಿಎ ಅನಲಾಗ್. ಎರಡು ತುದಿಗೆ ಎರಡು ಥರದ ಪಿನ್ ಬೆಸೆದ ಬರೀ ವೈರನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಚಿತ್ರ ಬರುವುದಿಲ್ಲ. ತೆಳ್ಳಂದಕ್ಕೆ ಈ ಎರಡೂ ಇಲ್ಲ. ಸಿ-ಟೈಪಿಗೆ ಹಬ್ (ಒಂದು ಕಿಂಡಿಯಿಂದ ಹಲವು ಕಿಂಡಿ ಕೊಡುವ ಡಬ್ಬಿ) ಹಚ್ಚಿ, ಆ ಹಬ್ಬಿಗೆ ಎಚ್‌ಡಿಎಂಐ ಹಚ್ಚಿ, ಅದಕ್ಕೆ ಮತ್ತೆ ಕನ್ವರ್ಟರ್ ಹಚ್ಚಬೇಕು. ಮೂರು ಕಡೆ ಗಂಟು ಬಿದ್ದಲ್ಲಿ ಯಾವುದೋ ಒಂದು ಸಡಿಲಾಗುತ್ತದೆ. ಹಬ್ ಮನೆಯಲ್ಲಿ ಉಳಿದರಂತೂ ಸೀಮೆಸುಣ್ಣವೇ ಗತಿ.

ಸಿ-ಟೈಪ್ ವಿಷಯದಲ್ಲಿ ಹುಡುಗರು ಮೋಸ ಹೋಗುವುದು ಜಾಸ್ತಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಕಾರ ಒಂದೇ, ಕೆಲಸ ಒಂದೇ ಅಲ್ಲ. ನನ್ನ ನಡುವಿಂದರಲ್ಲೂ ಒಂದು ಸಿ ಕಿಂಡಿ ಇದೆ. ಅದಕ್ಕೆ ಚಾರ್ಜರ್ ಹಚ್ಚಿದರೆ ಏನೂ ಆಗುವುದಿಲ್ಲ, ಹಬ್ ಹಚ್ಚಿ ಟಿವಿಗೆ ಕೊಟ್ಟರೆ ಚಿತ್ರವೂ ಇಲ್ಲ. ಫೈಲು ಹೋಗುತ್ತದೆ ಬರುತ್ತದೆ, ಅಷ್ಟೇ. ತೆಳ್ಳಂದರ ಎರಡೂ ಕಿಂಡಿ ಚಾರ್ಜೂ ಆಗುತ್ತವೆ, ಚಿತ್ರವನ್ನೂ ಕೊಡುತ್ತವೆ. ವ್ಯತ್ಯಾಸ ತಿಳಿಯಬೇಕಾದರೆ ಕಿಂಡಿಯ ಪಕ್ಕ ಕೊರೆದ ಸಣ್ಣ ಗುರುತನ್ನು ನೋಡಬೇಕು. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಚೊಲೊ ಕಾಣುತ್ತದೆ. ಡಿ ಮತ್ತು ಪಿ ಅಕ್ಷರ ಕೂಡಿಸಿದ ಗುರುತಿದ್ದರೆ ಚಿತ್ರ ಹೋಗುತ್ತದೆ. ಬಾಣದ ತುದಿಯ ಮಿಂಚಿದ್ದರೆ ಥಂಡರ್‌ಬೋಲ್ಟ್, ಅದರಲ್ಲಿ ಚಿತ್ರವೂ ವೇಗವೂ ಇದೆ. ಸಣ್ಣ ಬ್ಯಾಟರಿಯ ಚಿತ್ರವೋ ಪ್ಲಗ್ಗಿನ ಚಿತ್ರವೋ ಇದ್ದರೆ ಸಾಮಾನ್ಯವಾಗಿ ಕರೆಂಟಿನ ಕೆಲಸ. ಕೆಲವು ಕಂಪನಿಯವರು ಗುರುತೇ ಹಾಕುವುದಿಲ್ಲ. ಆಗ ಮಾಡೆಲ್ ನಂಬರ್ ಹಿಡಿದು ಕಂಪನಿಯ ಕೈಪಿಡಿ ನೋಡುವುದೊಂದೇ ದಾರಿ. ಅಂಗಡಿಯಲ್ಲಿ "ಸಿ-ಟೈಪ್ ಐತ್ರಿ" ಅಂದರೆ ಅಲ್ಲಿಗೆ ಸುಮ್ಮನಾಗದೆ, "ಇದರಾಗ ಚಾರ್ಜ್ ಆಕ್ಕೈತೇನು? ಟಿವಿಗೆ ಹಚ್ಚಿದರ ಚಿತ್ರ ಬರತೈತೇನು?" ಅಂತ ಎರಡು ಪ್ರಶ್ನೆ ಕೇಳಿ.

ಇನ್ನು ದೀಪಗಳು. ಇಲ್ಲಿ ದಪ್ಪಂದರ ಮುಂದೆ ಉಳಿದೆರಡೂ ನಿಲ್ಲುವುದಿಲ್ಲ. ಅದರ ಮುಂದಿನ ಅಂಚಿನಲ್ಲಿ, ನಮ್ಮ ಕಡೆ ಮುಖ ಮಾಡಿ ಸಾಲಾಗಿ ನಾಲ್ಕು ದೀಪ: ಪವರ್, ಬ್ಯಾಟರಿ, ಸಿಲಿಂಡರಿನ ಚಿತ್ರವಿರುವ ಡಿಸ್ಕ್, ಆಂಟೆನಾ ಚಿತ್ರವಿರುವ ವೈಫೈ. ಮುಚ್ಚಳ ಹಾಕಿದರೂ ನಾಲ್ಕೂ ಕಾಣುತ್ತವೆ. ಪವರ್ ದೀಪ ನಿಂತು ಉರಿದರೆ ಎಚ್ಚರ, ಉಸಿರಾಡಿದಂತೆ ಮೆಲ್ಲಗೆ ಹತ್ತಿ ಆರಿದರೆ ನಿದ್ದೆ, ಇಲ್ಲವೇ ಇಲ್ಲವೆಂದರೆ ಬಂದ್. ಡಿಸ್ಕ್ ದೀಪದ ಉಪಕಾರ ಹೇಳತೀರದು. ದೊಡ್ಡ ಪಿಡಿಎಫ್ ತೆರೆದಾಗ ಪರದೆ ಅಲುಗಾಡದೆ ನಿಂತರೆ ಆ ದೀಪ ನೋಡುತ್ತೇನೆ. ಪಟಪಟ ಮಿನುಗುತ್ತಿದ್ದರೆ ಪಾಪ ಓದುತ್ತಿದೆ, ಕಾಯಬೇಕು. ಬಹಳ ಹೊತ್ತು ಮಿನುಗೇ ಇಲ್ಲದಿದ್ದರೆ ಸಿಕ್ಕಿಕೊಂಡಿದೆ, ಪವರ್ ಬಟನ್ ಒತ್ತಿ ಹಿಡಿಯಬೇಕು. ನಡುವಿಂದರ ಬಲಗಡೆ ಎರಡು ದೀಪ ಇವೆ, ಪವರ್ ಮತ್ತು ಬ್ಯಾಟರಿ. ಬಗ್ಗಿ ನೋಡಬೇಕು, ಆದರೂ ಇವೆ. ತೆಳ್ಳಂದಕ್ಕೆ ಒಂದು ಸಿ ಕಿಂಡಿಯ ಪಕ್ಕ ಸಾಸಿವೆ ಕಾಳಿನಷ್ಟು ಒಂದೇ ದೀಪ, ಅದೂ ಚಾರ್ಜರ್ ಹಚ್ಚಿದಾಗ ಮಾತ್ರ.

ದೀಪವಿಲ್ಲದ್ದರ ಬೆಲೆ ಧಾರವಾಡ-ಹುಬ್ಬಳ್ಳಿ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ತಿಳಿಯಿತು. ಸಪ್ತಾಪುರದ ಕ್ಲಾಸು ಮುಗಿಸಿ ತೆಳ್ಳಂದರ ಮುಚ್ಚಳ ಹಾಕಿ, ಚೀಲಕ್ಕೆ ತುಂಬಿ ಹುಬ್ಬಳ್ಳಿ ಬಸ್ ಹತ್ತಿದೆ. ಉಣಕಲ್ ಕೆರೆ ದಾಟುವ ಹೊತ್ತಿಗೆ ತೊಡೆಯ ಮೇಲಿನ ಚೀಲ ಈಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಬೆಚ್ಚಗಾಗಿತ್ತು. ತೆಗೆದು ನೋಡಿದರೆ ಬ್ಯಾಟರಿ ಎಂಬತ್ತರಿಂದ ಐವತ್ತಕ್ಕೆ ಇಳಿದಿತ್ತು. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳ ನಿದ್ದೆ ಮೊಬೈಲಿನ ನಿದ್ದೆಯ ಹಾಗೆ: ಪರದೆ ಆರಿದರೂ ಒಳಗೆ ಅಪ್‌ಡೇಟು, ನೆಟ್ಟು ಅಂತ ಎದ್ದು ಕೆಲಸ ಮಾಡಬಲ್ಲದು. ಹೊರಗೆ ದೀಪವಿದ್ದಿದ್ದರೆ ಚೀಲಕ್ಕೆ ಹಾಕುವಾಗಲೇ ಅನುಮಾನ ಬರುತ್ತಿತ್ತು. ಅಂದಿನಿಂದ ಬಸ್ ಹತ್ತುವ ಮೊದಲು ತೆಳ್ಳಂದನ್ನು ಪೂರ್ತಿ ಶಟ್‌ಡೌನ್ ಮಾಡುತ್ತಿದ್ದೆ. ದೀಪಕ್ಕೆ ಎಷ್ಟು ಖರ್ಚಾಗುತ್ತದೆ ಹೇಳಿ? ಅಂದಕ್ಕೋಸ್ಕರ ಅದನ್ನು ತೆಗೆದುಹಾಕಿದ್ದು ನನಗೆ ಒಪ್ಪಿಗೆಯಿಲ್ಲ.

ಚಾರ್ಜಿನ ದೀಪ ನನ್ನ ದುಡ್ಡು ಉಳಿಸಿದ ಪ್ರಸಂಗ ನಡುವಿಂದರದ್ದು. ಅದರ ಚಾರ್ಜರ್ ಪಿನ್ ದುಂಡಗಿನದು, ಒಳಗೆ ನಟ್ಟನಡುವೆ ಒಂದು ಸೂಜಿ. ಒಂದು ದಿನ ಚಾರ್ಜರ್ ಹಚ್ಚಿದರೆ ಲ್ಯಾಪ್‌ಟಾಪ್ ನಡೆಯುತ್ತದೆ, ಬ್ಯಾಟರಿ ಮಾತ್ರ ಏರುವುದಿಲ್ಲ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ತೋರಿಸಿದೆ. "ಬ್ಯಾಟರಿ ಹೋಗೇತ್ರಿ ಮೇಡಂ, ಬದಲಿ ಹಾಕಬೇಕು" ಅಂದರು. ನನಗೆ ಒಂದು ಅನುಮಾನ: ಕಿತ್ತಳೆ ದೀಪ ಹತ್ತುತ್ತಲೇ ಇರಲಿಲ್ಲ. ಚಾರ್ಜ್ ಆಗುವಾಗ ಕಿತ್ತಳೆ, ತುಂಬಿದ ಮೇಲೆ ಬಿಳಿ, ಅದು ಅದರ ರೀತಿ. ಸಹೋದ್ಯೋಗಿಯೊಬ್ಬರ ಅದೇ ಮಾದರಿಯ ಚಾರ್ಜರ್ ಹಚ್ಚಿದೆ; ಹಚ್ಚಿದ ಕ್ಷಣಕ್ಕೇ ಕಿತ್ತಳೆ ದೀಪ ಬಂತು. ನನ್ನ ಚಾರ್ಜರನ್ನು ಬೆಳಕಿಗೆ ಹಿಡಿದು ನೋಡಿದರೆ ನಡುವಿನ ಸೂಜಿ ಒಂದು ಬದಿಗೆ ಮಲಗಿತ್ತು. ಕರೆಂಟು ಹರಿಯುವುದು ಪಿನ್ನಿನ ಒಳ ಮತ್ತು ಹೊರ ಸುತ್ತಿನಲ್ಲಿ. ಸೂಜಿಯ ಕೆಲಸ ಇಷ್ಟು ವ್ಯಾಟಿನ ಚಾರ್ಜರ್ ಅಂತ ಲ್ಯಾಪ್‌ಟಾಪಿಗೆ ತಿಳಿಸುವುದು. ಆ ಸುದ್ದಿ ಮುಟ್ಟದಿದ್ದರೆ ಲ್ಯಾಪ್‌ಟಾಪ್ ನಡೆಯುತ್ತದೆ, ಬ್ಯಾಟರಿಗೆ ಮಾತ್ರ ಹಾಕಿಕೊಳ್ಳುವುದಿಲ್ಲ. ಚಾರ್ಜರ್ ಬದಲಿಸಿದೆ, ಅದೇ ಬ್ಯಾಟರಿ ಇವತ್ತಿಗೂ ಇದೆ.

ಚಾರ್ಜಿಂಗ್ ವಿಷಯದಲ್ಲಿ ತೆಳ್ಳಂದನ್ನು ಹೊಗಳಲೇಬೇಕು. ಬಾಗುವ ಸೂಜಿಯಿಲ್ಲ, ಮೇಲು ಕೆಳಗೆ ಎಂಬ ಗೊಂದಲವಿಲ್ಲ, ಎರಡರಲ್ಲಿ ಯಾವ ಕಿಂಡಿಗಾದರೂ ಹಚ್ಚಿ. ಮರೆತು ಬಂದರೆ ಸ್ಟಾಫ್ ರೂಮಿನಲ್ಲಿ ಯಾರದ್ದಾದರೂ ಸಿಗುತ್ತದೆ. ಆದರೆ ಮೊಬೈಲಿನ ಸಣ್ಣ ಚಾರ್ಜರಿಗೆ ಅದು ಜಗ್ಗುವುದಿಲ್ಲ. 65 ವ್ಯಾಟ್ ಬೇಕು ಅನ್ನುವ ಲ್ಯಾಪ್‌ಟಾಪಿಗೆ 18 ವ್ಯಾಟ್ ಕೊಟ್ಟರೆ ಒಂದೋ ಮುಟ್ಟುವುದೇ ಇಲ್ಲ, ಇಲ್ಲ ಆಮೆಯ ಹಾಗೆ ಏರುತ್ತದೆ.

ಸಾದಾ ಯುಎಸ್‌ಬಿ ಕಿಂಡಿ ದಪ್ಪಂದಕ್ಕೆ ನಾಲ್ಕು, ಎಲ್ಲ ಕಪ್ಪು ನಾಲಗೆಯವು. ನಡುವಿಂದಕ್ಕೆ ಮೂರು: ಎರಡು ನೀಲಿ, ಒಂದು ಕಪ್ಪು. ಕಪ್ಪು ಸಾಮಾನ್ಯವಾಗಿ ಹಳೆಯ, ನಿಧಾನದ ಯುಎಸ್‌ಬಿ 2.0, ನೀಲಿ ಅದಕ್ಕಿಂತ ವೇಗದ 3.0. ಬಣ್ಣಕ್ಕೆ ಎಲ್ಲ ಕಂಪನಿಯವರೂ ಬದ್ಧರಲ್ಲ, ಪಕ್ಕದಲ್ಲಿ ಎಸ್‌ಎಸ್ ಎಂಬ ಗುರುತಿದ್ದರೆ ಅನುಮಾನವಿಲ್ಲ. ಹಾರ್ಡ್ ಡಿಸ್ಕಿನಿಂದ 20 ಜಿಬಿ ಪಾಠದ ವಿಡಿಯೋ ಇಳಿಸಲು ದಪ್ಪಂದು ಹತ್ತು ನಿಮಿಷ ತಿಂದಿತು, ನಡುವಿಂದರ ನೀಲಿಯಲ್ಲಿ ನಾಲ್ಕು ನಿಮಿಷವೂ ಆಗಲಿಲ್ಲ. ವೈರ್‌ಲೆಸ್ ಮೌಸಿನ ಪುಟ್ಟ ತುಣುಕನ್ನು ಮಾತ್ರ ಕಪ್ಪಿಗೇ ಹಚ್ಚಿ. ನೀಲಿ ಕಿಂಡಿಯಲ್ಲಿ ಕೆಲಸ ನಡೆಯುವಾಗ ಹೊಮ್ಮುವ ಗದ್ದಲ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ತರಂಗಕ್ಕೆ ಅಡ್ಡ ಬರುತ್ತದೆ, ಬಾಣ ತಡವರಿಸಲು ಅದೂ ಒಂದು ಕಾರಣ.

ನೆಟ್ ವೈರಿನ ಕಿಂಡಿ ತೆಳ್ಳಂದಕ್ಕಿಲ್ಲ. ನಡುವಿಂದಕ್ಕೆ ಬಾಯಿ ತೆರೆಯುವ ಮಡಿಕೆಯಂಥದ್ದು, ದೀಪವಿಲ್ಲ. ದಪ್ಪಂದರಲ್ಲಿ ಕಿಂಡಿಯ ಎರಡು ಮೂಲೆಗೆ ಎರಡು ದೀಪ: ಹಸಿರು ನಿಂತರೆ ವೈರು ಸರಿಯಾಗಿ ಕೂತಿದೆ, ಕಿತ್ತಳೆ ಮಿನುಗಿದರೆ ಮಾಹಿತಿ ಓಡಾಡುತ್ತಿದೆ.

ಧ್ವನಿಯ ಕಡೆ ದಪ್ಪಂದು ಹಿಂದೆ ಬಿತ್ತು. ಹೆಡ್‌ಫೋನಿಗೊಂದು, ಮೈಕಿಗೊಂದು, ಬೇರೆ ಬೇರೆ ತೂತು. ನನ್ನ ಕಾಲರ್ ಮೈಕಿನ ಪಿನ್ನಿಗೆ ಮೂರು ಕಪ್ಪು ಗೆರೆ, ಅಂದರೆ ಮೊಬೈಲ್ ಥರದ ಕೂಡು ಪಿನ್. ದಪ್ಪಂದಕ್ಕೆ ಅದನ್ನು ಎರಡಾಗಿ ಸೀಳುವ ವೈರು ಬೇಕು. ಉಳಿದೆರಡಕ್ಕೆ ನೇರ ಹೋಗುತ್ತದೆ. ನಡುವಿಂದರ ಎಫ್4 ಕೀಲಿಯ ಮೇಲೆ ಒಂದು ಕಿತ್ತಳೆ ಚುಕ್ಕೆ ಇದೆ. ಅದು ಹತ್ತಿದ್ದರೆ ಮೈಕ್ ಬಂದ್. ಒಮ್ಮೆ ಆನ್‌ಲೈನ್ ಕ್ಲಾಸಿನಲ್ಲಿ ಹತ್ತು ನಿಮಿಷ ಸಂವಿಧಾನದ ವಿಧಿಗಳನ್ನು ಹೇಳುತ್ತಾ ಹೋದೆ. "ಮೇಡಂರ, ಕೇಳವಲ್ದು" ಎಂದು ಹುಡುಗರು ಬರೆದು ಹಾಕಿದ ಮೇಲೆ ಆ ಚುಕ್ಕೆ ಕಂಡದ್ದು. ಈಗ ಪಾಠ ಶುರು ಮಾಡುವ ಮೊದಲು ಕಣ್ಣು ಅಲ್ಲಿಗೇ ಹೋಗುತ್ತದೆ. ಕ್ಯಾಮೆರಾದ ಪಕ್ಕದ ಸೂಜಿಮೊನೆಯಷ್ಟು ಎರಡು ತೂತುಗಳೂ ಮೈಕೇ. ರೀಸೆಟ್ ಇರಬೇಕೆಂದು ಪಿನ್ ಚುಚ್ಚಬೇಡಿ. ಕ್ಯಾಮೆರಾ ದೀಪ ಹತ್ತಿದೆ, ಚಿತ್ರ ಮಾತ್ರ ಕಪ್ಪು ಅಂದರೆ ಅದರ ಮೇಲಿನ ಸಣ್ಣ ಜಾರು ಮುಚ್ಚಳ ಸರಿಸಿ ನೋಡಿ.

ಕಣ್ಣಿಗೆ ಕಾಣದ ಭಾಗವೊಂದು ತೆಳ್ಳಂದರಲ್ಲಿ ನನ್ನನ್ನು ಕಾಡಿತು. ಪಾಠದ ನಡುವೆ ಪರದೆ ಏಕಾಏಕಿ ಆರುತ್ತಿತ್ತು. ಮೂರನೆಯ ಸಲ ಗಮನಿಸಿದೆ: ಮೊಬೈಲನ್ನು ಕೀಬೋರ್ಡಿನ ಬಲಗಡೆ, ಅಂಗೈ ಇಡುವ ಜಾಗದಲ್ಲಿ ಇಟ್ಟಾಗಲೇ ಹೀಗಾಗುತ್ತದೆ. ಮೊಬೈಲಿನ ಮಡಚುವ ಕವರಿಗೆ ಆಯಸ್ಕಾಂತ. ಲ್ಯಾಪ್‌ಟಾಪಿನ ಮುಚ್ಚಳದಲ್ಲೂ ಒಂದು ಆಯಸ್ಕಾಂತವಿದ್ದು, ಅದು ಹತ್ತಿರ ಬಂದದ್ದನ್ನು ಕೆಳಗಿನ ಸೆನ್ಸರ್ ತಿಳಿದು, ಮುಚ್ಚಳ ಹಾಕಿದರೆಂದು ನಿದ್ದೆಗೆ ಹೋಗುತ್ತದೆ. ಕವರಿನ ಆಯಸ್ಕಾಂತವನ್ನೂ ಅದು ಹಾಗೆಯೇ ತಿಳಿದಿತ್ತು. ಮೊಬೈಲ್ ಆಚೆ ಇಟ್ಟೆ, ಸರಿಹೋಯಿತು.

ಗಾಳಿ ಕಿಂಡಿಯನ್ನು ಮೂರರಲ್ಲೂ ಕೆಳಗೇ ಕೊಟ್ಟಿದ್ದಾರೆ. ದಪ್ಪಂದು ಬಿಸಿ ಗಾಳಿಯನ್ನು ಎಡಕ್ಕೆ ಊದುತ್ತದೆ, ಉಳಿದವು ಹಿಂಜಿನ ಹತ್ತಿರ ಹಿಂದಕ್ಕೆ. ಕೆಳಗಿನ ರಬ್ಬರ್ ಪಾದ ಉದುರಿದರೆ ಹೊಸದು ಅಂಟಿಸಿ. ಆ ನಾಲ್ಕು ಚೂರು ಎತ್ತರವೇ ಗಾಳಿಗೆ ದಾರಿ.

ಹೊಸದು ಕೊಳ್ಳಲಿಲ್ಲ. ಚೀಲದಲ್ಲಿ ಈಗ ಇರುವುದು ನಡುವಿಂದು, ಜೊತೆಗೆ ಆ ಬೆರಳುದ್ದದ ಕನ್ವರ್ಟರ್. ಅದಕ್ಕೆ ಕೆಂಪು ದಾರ ಕಟ್ಟಿ ಚೀಲದ ಜಿಪ್ಪಿಗೆ ಗಂಟು ಹಾಕಿದ್ದೇನೆ. ದಪ್ಪಂದು ಮನೆಯ ಮೇಜಿನ ಮೇಲಿದೆ, ನೋಟ್ಸ್ ಟೈಪ್ ಮಾಡಲು. ತೆಳ್ಳಂದನ್ನು ತಮ್ಮ ವಾಪಸ್ ಒಯ್ದ. ದಿನವಿಡೀ ಒಂದೇ ಮೇಜಿನಲ್ಲಿ ಕೂತು ಒಂದೇ ವೈರಿನಲ್ಲಿ ಪರದೆ, ಚಾರ್ಜು ಎರಡೂ ನಡೆಸುವ ಅವನ ಆಫೀಸಿಗೆ ಅದೇ ಸರಿ. ಒಯ್ಯುವಾಗ ಅವನಿಗೆ ಒಂದೇ ಮಾತು ಹೇಳಿದೆ: "ಚೀಲಕ್ಕ ಹಾಕೋಕಿಂತ ಮೊದಲ ಶಟ್‌ಡೌನ್ ಮಾಡಪಾ."