5,600 ರೂಪಾಯಿಯ ಮೈಕ್ರೋಸ್ಕೋಪು, ನಾಲ್ಕು ತಿಂಗಳ ಮೇಲೆ

ಓದಲು ಪುರುಸೊತ್ತು ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಈರುಳ್ಳಿ ಸಿಪ್ಪೆ, ಕೆರೆ ನೀರಿನ ಹುಳ, ವೀಳ್ಯದೆಲೆಯ ರಂಧ್ರ ನೋಡಲು ಈ ಮೈಕ್ರೋಸ್ಕೋಪು ಧಾರಾಳ ಸಾಕು. ಮಣ್ಣಿನ ಬ್ಯಾಕ್ಟೀರಿಯಾ ನೋಡಲಿಕ್ಕೆ ಅಂತ ತರುವುದಾದರೆ ಸ್ವಲ್ಪ ನಿಲ್ಲಿ. ನಾವು ತಂದದ್ದೇ ಅದಕ್ಕೆ.

ಮಗಳು ಪ್ಲಸ್ ಟು ಸೈನ್ಸ್. ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಆಂಟಿಬಯೋಟಿಕ್ ಮಾಡುವ ಸ್ಟ್ರೆಪ್ಟೋಮೈಸಿಸ್ ಎಂಬ ಬ್ಯಾಕ್ಟೀರಿಯಾ ನಮ್ಮ ತೋಟದ ಮಣ್ಣಿನಲ್ಲೂ ಉಂಟಾ ಅಂತ ಹುಡುಕಿ ವಿಜ್ಞಾನ ಮೇಳಕ್ಕೆ ಒಯ್ಯಬೇಕು ಎಂದು ಅವಳಿಗೆ ಹುಚ್ಚು. ಜೂನ್‌ನಲ್ಲಿ ಮಂಗಳೂರಿನ ಒಂದು ಅಂಗಡಿಗೆ ಹೋಗಿ ತಂದೆವು. ಅಂಬಾಲದಲ್ಲಿ ತಯಾರಾದ ಮಾಲು, ಒಂದೇ ಕಣ್ಣಿನದ್ದು, 4, 10, 40 ಮತ್ತು 100ರ ನಾಲ್ಕು ಲೆನ್ಸು, ಎಲ್‌ಇಡಿ ಬೆಳಕು, ಕರೆಂಟ್ ಹೋದರೆ ಬ್ಯಾಟರಿಯಲ್ಲೂ ಉರಿಯುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಈ ಬ್ಯಾಟರಿಯೇ ದೊಡ್ಡ ಉಪಕಾರ, ಅದಕ್ಕೆ ಪೂರ್ತಿ ಮಾರ್ಕು.

40ರ ಲೆನ್ಸಿನವರೆಗೆ ದೂರುವಂಥದ್ದು ಏನೂ ಇಲ್ಲ. ಫೋಕಸ್ ತಿರುಗಿಸುವ ಗುಬ್ಬಿ ಸ್ವಲ್ಪ ಸಡಿಲ, ಕೈ ಬಿಟ್ಟರೆ ಸ್ಲೈಡ್ ಇಡುವ ಸ್ಟೇಜು ಮೆಲ್ಲ ಕೆಳಗೆ ಜಾರುತ್ತದೆ, ಅಭ್ಯಾಸವಾಗುತ್ತದೆ. 100ರ ಲೆನ್ಸು ಮಾತ್ರ ಬರೀ ಲೆಕ್ಕಕ್ಕೆ. ಎಣ್ಣೆಯ ಹನಿ ಹಾಕಿ ನೋಡಬೇಕಾದ ಲೆನ್ಸು ಅದು, ಎಣ್ಣೆಯ ಬಾಟಲಿಯನ್ನೂ ಕೊಟ್ಟಿದ್ದಾರೆ, ಆದರೆ ಹಾಕಿ ನೋಡಿದರೆ ಮಂಜು ಬಿದ್ದ ಹಾಗೆ. ಫೋನ್ ಮಾಡಿದಾಗ "ಸಾರ್, ಅದು ಕಾಲೇಜಿನವರಿಗೆ, ಮಕ್ಕಳಿಗೆ 40 ಸಾಕಲ್ವಾ" ಅಂದರು. ಹಾಗಾದರೆ ಡಬ್ಬಿಯ ಮೇಲೆ ಅಷ್ಟು ದಪ್ಪ ಅಕ್ಷರದಲ್ಲಿ 1000 ಪಟ್ಟು ಅಂತ ಯಾಕೆ ಹಾಕಬೇಕಿತ್ತು? ಒಂದು ಸ್ಟೇಜ್ ಕ್ಲಿಪ್ ಕೂಡ ಬಂದಿರಲಿಲ್ಲ. ಕಳಿಸುತ್ತೇವೆ ಅಂದವರು ಇನ್ನೂ ಕಳಿಸುತ್ತಲೇ ಇದ್ದಾರೆ.

ಇನ್ನು ಮಣ್ಣಿನ ಕಥೆ. ಮೈಕ್ರೋಸ್ಕೋಪು ತಂದ ದಿನವೇ ಒಂದು ಚಿಟಿಕೆ ಮಣ್ಣು ನೀರಲ್ಲಿ ಕಲಸಿ ನೋಡಿದೆವು. ಕಂಡದ್ದು ಮರಳು, ಕೊಳೆತ ಸೋಗೆಯ ಚೂರು, ಗಾಳಿಗುಳ್ಳೆ. ಮಗಳ ಮುಖ ಸಪ್ಪೆಯಾಯಿತು. ಸ್ಟ್ರೆಪ್ಟೋಮೈಸಿಸ್‌ನ ಎಳೆ ಒಂದು ಮೈಕ್ರಾನ್ ದಪ್ಪ ಇದ್ದರೆ ಹೆಚ್ಚು. ಮಣ್ಣಿನ ಕಸದ ನಡುವೆ ಅದನ್ನು ಹುಡುಕುವುದು ಅಂಗಳದಲ್ಲಿ ಬಿದ್ದ ಸಾಸಿವೆ ಹೆಕ್ಕಿದ ಹಾಗೆ. ಮೊದಲು ಬೆಳೆಸಬೇಕು, ಆಮೇಲೆ ನೋಡಬೇಕು ಎಂದು ಅವಳ ಟೀಚರ್ ಹೇಳಿದ ಮೇಲೆಯೇ ನಮಗೆ ದಾರಿ ಕಂಡದ್ದು.

ಅದೇ ಹೊತ್ತಿಗೆ ಅವಳು ಡೇವಿಡ್ ಹಾಪ್‌ವುಡ್ ಎನ್ನುವ ಇಂಗ್ಲೆಂಡಿನ ತಳಿವಿಜ್ಞಾನಿಯ ಬಗ್ಗೆ ಓದುತ್ತಿದ್ದಳು, ನನಗೂ ಓದಿಸಿದಳು. ಈ ಮನುಷ್ಯ 1954ರಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ವಿದ್ಯಾರ್ಥಿಯಾಗಿ ಸ್ಟ್ರೆಪ್ಟೋಮೈಸಿಸ್ ಸೀಲಿಕಲರ್ ಎಂಬ ಒಂದು ಜಾತಿಯನ್ನು ಹಿಡಿದವರು, ಜೀವಮಾನ ಪೂರ್ತಿ ಅದನ್ನು ಬಿಡಲಿಲ್ಲ. ಕ್ಷಯಕ್ಕೆ ಚುಚ್ಚುತ್ತಿದ್ದ ಸ್ಟ್ರೆಪ್ಟೋಮೈಸಿನ್ ಎಂಬ ಔಷಧಿ ಇಂಥದ್ದೇ ಸ್ಟ್ರೆಪ್ಟೋಮೈಸಿಸ್‌ನಿಂದ 1943ರಲ್ಲೇ ಸಿಕ್ಕಿತ್ತು, ಕಂಪನಿಗಳು ಊರೂರಿನ ಮಣ್ಣು ಜಾಲಾಡುತ್ತಿದ್ದವು. ಆದರೆ ಈ ಜೀವಿ ಬೂಷ್ಟಿನ ಜಾತಿಯೋ ಬ್ಯಾಕ್ಟೀರಿಯಾವೋ ಎಂದು ಇನ್ನೂ ತಕರಾರು ಇದ್ದ ಕಾಲ ಅದು. ಎಳೆಯಾಗಿ ಕವಲೊಡೆದು ಬೆಳೆಯುತ್ತದೆ, ಬೀಜಕ ಬಿಡುತ್ತದೆ, ನೋಡಿದರೆ ಥೇಟ್ ಬೂಷ್ಟು. ಈಗ ಗೊತ್ತು, ಅದು ಬ್ಯಾಕ್ಟೀರಿಯಾವೇ.

ನನಗೆ ಹಿಡಿಸಿದ್ದು ಅವರ ಕೆಲಸದ ರೀತಿ. ಅವರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲೂ ನೋಡಿದವರು, ಇಲ್ಲ ಅನ್ನುವುದಿಲ್ಲ. ಆದರೆ ವಂಶವಾಹಿಗಳ ನಕ್ಷೆ ಮಾಡಿದ್ದು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೆ. ಒಂದು ತಳಿಗೆ ಒಂದು ಪೋಷಕಾಂಶ ಸ್ವಂತವಾಗಿ ಮಾಡಿಕೊಳ್ಳಲು ಬರುವುದಿಲ್ಲ, ಇನ್ನೊಂದಕ್ಕೆ ಬೇರೆ ಯಾವುದೋ ಬರುವುದಿಲ್ಲ, ಎರಡನ್ನೂ ಒಟ್ಟಿಗೆ ಬೆಳೆಸಿ ಆಮೇಲೆ ಎರಡೂ ಕೊರತೆ ಇಲ್ಲದ ಮರಿಗಳು ಎಷ್ಟು ಎದ್ದವು ಅಂತ ಎಣಿಸುವುದು. ಇನ್ನು ಬಣ್ಣ. ಬಲಿತ ಕಾಲೊನಿ, ಅಂದರೆ ತಟ್ಟೆಯಲ್ಲಿ ಒಂದೇ ಕಡೆ ಚುಕ್ಕೆಯಾಗಿ ಬೆಳೆದ ಗುಂಪು, ಬೂದಿ ಬಣ್ಣಕ್ಕೆ ತಿರುಗಬೇಕು, ತಿರುಗದೆ ಬಿಳಿಯಾಗಿಯೇ ಉಳಿದರೆ ಬೀಜಕ ಸರಿಯಾಗಿ ಆಗಿಲ್ಲ. ಮೇಲೆ ನವಿರು ಎಳೆಗಳೇ ಬಾರದೆ ಬೋಳಾಗಿ ಕೂತರೆ ಬೇರೆಯೇ ತೊಂದರೆ. ಈ ತಳಿಗಳಿಗೆ ಅವರು ಇಂಗ್ಲಿಷಿನಲ್ಲಿ ಇಟ್ಟ ಹೆಸರೂ ಸುಮ್ನೆ ಬಿಳಿ, ಬೋಳು ಅಂತಲೇ. ಬರಿಗಣ್ಣಿಗೆ ಕಾಣುವ ಸಂಗತಿಗಳು ಮಾರಾಯ್ರೆ! ತೋಟದಲ್ಲಿ ಹಳದಿ ರೋಗದ ಮರ ಗುರುತಿಸುವವನಿಗೆ ಇದು ಹೊಸ ವಿದ್ಯೆಯಲ್ಲ.

ಸೀಲಿಕಲರ್ ಅಂದರೆ ಆಕಾಶದ ಬಣ್ಣ. ಅದು ಆಕ್ಟಿನೋರೋಡಿನ್ ಎಂಬ ಆಂಟಿಬಯೋಟಿಕ್ ಬಿಡುತ್ತದೆ, ಕ್ಷಾರದಲ್ಲಿ ನೀಲಿ, ಹುಳಿಯಲ್ಲಿ ಕೆಂಪು. ಹಾಪ್‌ವುಡ್ 1968ರಿಂದ ನಾರ್ವಿಚ್‌ನ ಜಾನ್ ಇನ್ನೆಸ್ ಸಂಸ್ಥೆಯಲ್ಲಿದ್ದರು. ಅಲ್ಲಿ ಅವರೂ ಮಲ್ಪಾರ್ಟಿಡಾ ಎಂಬ ಸಹೋದ್ಯೋಗಿಯೂ ಆ ಬಣ್ಣ ಮಾಡುವ ವಂಶವಾಹಿಗಳನ್ನು ಪೂರ್ತಿ ಗೊಂಚಲಾಗಿ ಎತ್ತಿ ಇನ್ನೊಂದು ಜಾತಿಯ ಸ್ಟ್ರೆಪ್ಟೋಮೈಸಿಸ್‌ಗೆ ಹಾಕಿದರು, 1984ರಲ್ಲಿ. ಅದೂ ಆಕ್ಟಿನೋರೋಡಿನ್ ಮಾಡತೊಡಗಿತು! ಒಂದು ಆಂಟಿಬಯೋಟಿಕ್‌ನ ಇಡೀ ಅಡುಗೆಮನೆಯನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಯಲ್ಲಿ ಒಲೆ ಹಚ್ಚಿದ ಹಾಗೆ. ಮರುವರ್ಷ ಜಪಾನಿನ ಒಮುರಾ ಜೊತೆ ಸೇರಿ ಎರಡು ಜಾತಿಗಳ ವಂಶವಾಹಿ ಬೆರೆಸಿ, ಪ್ರಕೃತಿಯಲ್ಲಿ ಕಂಡಿರದ ಮಿಶ್ರ ಆಂಟಿಬಯೋಟಿಕ್ ಮಾಡಿ ತೋರಿಸಿದರು. ಈ ಒಮುರಾ ಅವರಿಗೇ 2015ರ ನೊಬೆಲ್ ಬಂದದ್ದು, ಇನ್ನೊಂದು ಮಣ್ಣಿನ ಸ್ಟ್ರೆಪ್ಟೋಮೈಸಿಸ್‌ನಿಂದ ಸಿಕ್ಕ ಹುಳದ ಔಷಧಿಗೆ.

ಸರಿ, ನಮ್ಮ ತಟ್ಟೆಗೆ ಬರೋಣ. ಕುಚ್ಚಲಕ್ಕಿ ಗಂಜಿಯ ತಿಳಿ, ಎರಡು ಚಮಚ ಕೆನೆ ತೆಗೆದ ಹಾಲು, ಲೀಟರಿಗೆ 15 ಗ್ರಾಂ ಲೆಕ್ಕದಲ್ಲಿ ಚೈನಾ ಗ್ರಾಸ್. ಎಲ್ಲ ಬಾಟಲಿಗೆ ಹಾಕಿ ಮನೆಯ ಕುಕ್ಕರಿನಲ್ಲಿ 20 ನಿಮಿಷ. ಹೆಂಡತಿ ಬೈದಳು, ಆ ಕುಕ್ಕರ್ ಈಗ ಪ್ರಯೋಗಕ್ಕೇ ಮೀಸಲು, ಹೊಸದು ತಂದ ಖರ್ಚು ಬೇರೆ. ಮಣ್ಣನ್ನು ಮೊದಲು ಚೆನ್ನಾಗಿ ಒಣಗಿಸಬೇಕು. ಬೇರೆ ಬ್ಯಾಕ್ಟೀರಿಯಾ ಎಷ್ಟೋ ಸಾಯುತ್ತವೆ, ಇವುಗಳ ಬೀಜಕ ಉಳಿಯುತ್ತದೆ. ಆಷಾಢದ ಮಳೆಯಲ್ಲಿ ಮಣ್ಣು ಎಲ್ಲಿ ಒಣಗಿಸುವುದು? ಒಲೆಯ ಮೇಲಿನ ಅಟ್ಟದಲ್ಲಿ ಹತ್ತು ದಿನ ಇಟ್ಟೆವು. ಮೊದಲ ಮೂರು ತಟ್ಟೆ ಪೂರ್ತಿ ಬೂಷ್ಟು. ನಾಲ್ಕನೆಯದರಲ್ಲಿ ಆರನೇ ದಿನ ಸುಣ್ಣದ ಪುಡಿ ಉದುರಿಸಿದ ಹಾಗೆ ಒಣ ಬಿಳಿ ಚುಕ್ಕೆಗಳು. ಕಡ್ಡಿಯಲ್ಲಿ ಕೆದಕಿದರೆ ಏಳುವುದಿಲ್ಲ, ತೊಗಲಿನ ಹಾಗೆ ಗಟ್ಟಿ. ಮುಚ್ಚಳ ಹಾಕಿದ್ದರೂ ಕೋಣೆಯೊಳಗೆ ಮೊದಲ ಮಳೆಯ ವಾಸನೆ. ಜಿಯೋಸ್ಮಿನ್ ಅಂತ ಅದರ ಹೆಸರು, ಇವುಗಳೇ ಬಿಡುವುದು. (ತಟ್ಟೆ ಮೂಸಿ ನೋಡಬೇಡಿ, ಬಿಸಾಡುವ ಮೊದಲು ಮತ್ತೆ ಕುಕ್ಕರಿನಲ್ಲಿ ಬೇಯಿಸಿ. ಏನೇನು ಬೆಳೆದಿರುತ್ತದೋ.)

ಇಲ್ಲಿ ಮೈಕ್ರೋಸ್ಕೋಪು ಕೆಲಸಕ್ಕೆ ಬಂತು. ಕವರ್ ಸ್ಲಿಪ್ಪನ್ನು (ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು) ತಟ್ಟೆಯ ಚೈನಾ ಗ್ರಾಸಿಗೆ ಓರೆಯಾಗಿ ಚುಚ್ಚಿ ಅದರ ಬುಡದಲ್ಲಿ ಬೆಳೆಸಿ, ಮೆಲ್ಲ ಕಿತ್ತು ಸ್ಲೈಡಿಗೆ ಇಟ್ಟು, 40ರ ಲೆನ್ಸಿನಲ್ಲಿ, ಕಂಡೆನ್ಸರ್ ಕೆಳಗಿಳಿಸಿ, ಬೆಳಕು ಕಡಿಮೆ ಮಾಡಿ ನೋಡಿದರೆ ಕೂದಲಿಗಿಂತ ಎಷ್ಟೋ ಸಪೂರ ಎಳೆಗಳು, ತುದಿಯಲ್ಲಿ ಹೀರೆ ಬಳ್ಳಿಯ ಕುಡಿಯ ಹಾಗೆ ಸುರುಳಿ. ಮಗಳು ಅರ್ಧ ಗಂಟೆ ಕಣ್ಣು ತೆಗೆಯಲಿಲ್ಲ. ನಿಜ ಹೇಳಬೇಕೆಂದರೆ ನಾನೂ. ಆದರೆ ಸ್ಟ್ರೆಪ್ಟೋಮೈಸಿಸ್ ಇರಬೇಕು ಅಂತ ನಮಗೆ ತಿಳಿದದ್ದು ಅದಕ್ಕೂ ನಾಲ್ಕು ದಿನ ಮೊದಲು, ಬರಿಗಣ್ಣಲ್ಲಿ. ಒಂದು ಕಾಲೊನಿ ಕಂದು ಬಣ್ಣ ಬಿಟ್ಟಿತ್ತು. ಆಸೆಯಿಂದ ಸುಣ್ಣದ ನೀರು ಹಾಕಿದೆವು, ವಿನೆಗರ್ ಹಾಕಿದೆವು, ಬಣ್ಣ ಬದಲಾಗಲಿಲ್ಲ. ಆಕಾಶದ ಬಣ್ಣದ್ದು ನಮ್ಮ ತೋಟದಲ್ಲಿ ಸಿಗಲಿಲ್ಲ, ಬಿಡಿ.

ಹಾಪ್‌ವುಡ್ ಹಿಡಿದ ಜಾತಿಯ ಪೂರ್ತಿ ಜೀನೋಮ್ 2002ರಲ್ಲಿ ಹೊರಬಂತು. ಸುಮಾರು 87 ಲಕ್ಷ ಡಿಎನ್‌ಎ ಅಕ್ಷರ, 7,825 ವಂಶವಾಹಿ. ಹೆಚ್ಚುಕಡಿಮೆ ಐವತ್ತು ವರ್ಷ ನೋಡಿದ ಮೇಲೂ ಅದರೊಳಗೆ ಆಂಟಿಬಯೋಟಿಕ್‌ನಂಥ ರಾಸಾಯನಿಕ ಮಾಡುವ ವಂಶವಾಹಿ ಗೊಂಚಲುಗಳು ಇಪ್ಪತ್ತಕ್ಕಿಂತ ಜಾಸ್ತಿ ಸಿಕ್ಕವು, ತಟ್ಟೆಯಲ್ಲಿ ಕಂಡದ್ದು ಅದರಲ್ಲಿ ನಾಲ್ಕಾರು ಮಾತ್ರ. ಹಾಗಾಗಿ "ನಿಮ್ಮ ಮಣ್ಣಲ್ಲಿ ಹೊಸ ಔಷಧಿ ಸಿಕ್ಕಿತಾ" ಅಂತ ಕೇಳುವವರು ದಯವಿಟ್ಟು ಕೇಳಬೇಡಿ.

ಕೊಳ್ಳುವವರಿಗೆ: 100ರ ಲೆನ್ಸು ಇಲ್ಲದ ಮಾಡೆಲ್ ಸಿಕ್ಕರೆ ಅದನ್ನೇ ತನ್ನಿ, ಉಳಿದ ದುಡ್ಡಿಗೆ ಗಾಜಿನ ತಟ್ಟೆ ಮತ್ತು ಒಂದು ಹಳೆ ಕುಕ್ಕರ್ ತನ್ನಿ. ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ ಕ್ಲಿಪ್ ಎಣಿಸಿ. ನಮ್ಮ ಕಡೆಯ ತೇವಕ್ಕೆ ಲೆನ್ಸಿನ ಒಳಗೇ ಬೂಷ್ಟು ಹಿಡಿಯುತ್ತದೆ, ಸಿಲಿಕಾ ಜೆಲ್ ಹಾಕಿ ಬಿಗಿ ಡಬ್ಬಿಯಲ್ಲಿ ಇಡಿ. ನಾನು ಆಗಸ್ಟ್‌ವರೆಗೆ ಇಡಲಿಲ್ಲ, 10ರ ಲೆನ್ಸಿನ ಮೂಲೆಯಲ್ಲಿ ಈಗ ಒಂದು ಜೇಡರ ಬಲೆ ಉಂಟು. ಸೆಕೆಂಡ್ ಹ್ಯಾಂಡ್ ಕೊಡುತ್ತೀರಾ ಅಂತ ಬದಿಯಡ್ಕದಿಂದ ಒಬ್ಬರು ಕೇಳಿದ್ದರು. ಇಲ್ಲ, ಕ್ಲಿಪ್ಪಿನ ಜಾಗಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಮಗಳು ಈಗ ಬಸಳೆ ಬುಡದ ಮಣ್ಣಿಗೆ ಕೈ ಹಾಕಿದ್ದಾಳೆ.