ಕುವೆಂಪುನಗರದ ಸ್ಲಶ್: ಹೊತ್ತು ನೋಡಿ ಕುಡಿಯಬೇಕಾದದ್ದು

ಮೈಸೂರಿನ ಕುವೆಂಪುನಗರದಲ್ಲಿ, ನಮ್ಮ ಮನೆಯಿಂದ ಎರಡು ತಿರುವಿನಾಚೆ ಇರುವ ದಿನಸಿ ಅಂಗಡಿಯವರು ಈ ಬೇಸಿಗೆಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಎರಡು ತೊಟ್ಟಿಗಳ ಸ್ಲಶ್ (ಅರೆ ಹೆಪ್ಪುಗಟ್ಟಿದ ಸಿಹಿ ಪಾನೀಯ) ಯಂತ್ರವೊಂದನ್ನು ಇಟ್ಟಿದ್ದಾರೆ. ಮುಂಬಯಿಯಲ್ಲಿರುವ ಮಗಳ ಮನೆಗೆ ಹೋದಾಗ ಸೆವೆನ್ ಇಲೆವೆನ್ ಅಂಗಡಿಯ ಸ್ಲರ್ಪಿ ಕುಡಿದಂದಿನಿಂದ ಈ ಪಾನೀಯದ ಹುಚ್ಚು ಹತ್ತಿದೆ. ಅರವತ್ತು ದಾಟಿದವನಿಗೆ ಇದೇನು ಚಪಲ ಎಂದು ಮನೆಯವರು ನಗುತ್ತಾರಾದರೂ, ಎರಡು ತಿಂಗಳಲ್ಲಿ ಹತ್ತಿಪ್ಪತ್ತು ಲೋಟ ಕುಡಿದಿರುವುದರಿಂದ ನಾಲ್ಕು ಮಾತು ಬರೆಯುವ ಅಧಿಕಾರ ನನಗಿದೆಯೆಂದುಕೊಂಡಿದ್ದೇನೆ.

ಇಲ್ಲಿ ಸಿಗುವುದು ಎರಡೇ ಬಗೆ. ಕಾಲಾ ಖಟ್ಟಾ ನಾಲಿಗೆಯ ಮೇಲೆ ಬಣ್ಣವನ್ನಲ್ಲದೆ ಬೇರೇನನ್ನೂ ಉಳಿಸುವುದಿಲ್ಲ. ಮಾವಿನಕಾಯಿಯದ್ದು ಮಾತ್ರ ಸೊಗಸಾಗಿದೆ: ಮೇಲೆ ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ ಉದುರಿಸಿ ಕೊಡುತ್ತಾರೆ; ತುದಿಯನ್ನು ಚಮಚದಂತೆ ಕತ್ತರಿಸಿದ ಸ್ಟ್ರಾದಿಂದ ತೆಗೆದು ಬಾಯಿಗಿಟ್ಟರೆ ಮೊದಲು ಹುಳಿ, ಹರಳು ಕರಗಿದ ಮೇಲೆ ಸಿಹಿ, ಆತುರಪಟ್ಟರೆ ಹಣೆಯಲ್ಲೊಂದು ಚಳುಕು. ಸ್ಲರ್ಪಿಯಲ್ಲಿ ಒತ್ತಡದಿಂದ ಗ್ಯಾಸ್ ಬೆರೆಸುವುದರಿಂದ ಅದು ನೊರೆನೊರೆಯಾಗಿ ಹಗುರವಾಗಿರುತ್ತದೆ. ಇದರಲ್ಲಿ ಗ್ಯಾಸ್ ಇಲ್ಲ, ಹರಳು ತುಸು ಒರಟು. ಮಾವಿನಕಾಯಿಗೆ ಆ ಒರಟುತನವೇ ಒಪ್ಪುತ್ತದೆ.

ತಕರಾರಿರುವುದು ಹದದ ಬಗ್ಗೆ. ಬರೀ ನೀರು 0 ಡಿಗ್ರಿಯಲ್ಲಿ ಗಡ್ಡೆ ಕಟ್ಟುತ್ತದೆ. ಸಕ್ಕರೆ ಕರಗಿದ ನೀರು ಅದಕ್ಕಿಂತ ಕೆಳಗಿಳಿದರೂ ಪೂರ್ತಿ ಗಟ್ಟಿಯಾಗುವುದಿಲ್ಲ, ತೊಟ್ಟಿಯ ನಡುವಿನ ತಣ್ಣನೆಯ ಉರುಳೆಗೆ ಅಂಟಿಕೊಳ್ಳುವ ಹರಳುಗಳನ್ನು ಸುರುಳಿಯಾಕಾರದ ಅಲಗು ಬಿಡದೆ ಕೆರೆಯುತ್ತಿರುವುದರಿಂದ ಅವು ಪಾಕದಲ್ಲೇ ತೇಲಾಡುತ್ತಿರುತ್ತವೆ. ಸಕ್ಕರೆ ಕಡಿಮೆಯಾದರೆ ಮಂಜುಗಡ್ಡೆ, ಹೆಚ್ಚಾದರೆ ಬರೀ ಪಾನಕ. ಮಂಡ್ಯದ ಪಕ್ಕದಲ್ಲೇ ಇರುವ ನಮಗೆ ಸಕ್ಕರೆಯ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲವೆಂದು ಬೀಗುತ್ತಿದ್ದೆ. ಅದು ರುಚಿಗಷ್ಟೇ ಅಲ್ಲ, ಹದಕ್ಕೂ ಬೇಕೆಂಬುದು ಈ ಯಂತ್ರದ ಮುಂದೆ ನಿಂತ ಮೇಲೆಯೇ ತಿಳಿದದ್ದು.

ಈ ಹದಕ್ಕೆ ಸಮಯ ಬೇಕು, ಅಂಗಡಿಯವರು ಕೊಡದಿರುವುದು ಅದನ್ನೇ. ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟ ಮಕ್ಕಳು ಬಂದು ಅರ್ಧ ತೊಟ್ಟಿ ಖಾಲಿ ಮಾಡುತ್ತಿದ್ದಂತೆ, ಕೆಲಸದ ಹುಡುಗ ಜಗ್ಗಿನಿಂದ ಹೊಸ ಪಾಕ ಸುರಿದು, ಮರುಗಳಿಗೆಯಲ್ಲೇ ಮುಂದಿನ ಲೋಟವನ್ನು ತುಂಬುತ್ತಾನೆ. "ಇನ್ನೂ ನೀರಾಗಿದೆಯಲ್ಲಪ್ಪ" ಎಂದರೆ, "ತಣ್ಣಗಿದೆ ಸಾರ್, ತಗೊಳ್ಳಿ" ಎನ್ನುತ್ತಾನೆ. ತಣ್ಣಗಿರುವುದೇನೋ ನಿಜ; ಆದರೆ 60 ರೂಪಾಯಿ ಕೊಟ್ಟು ತಣ್ಣನೆಯ ಪಾನಕ ಕುಡಿಯುವುದಾದರೆ ಮನೆಯ ಫ್ರಿಜ್ಜೇ ಸಾಕಿತ್ತು.

ಆದ್ದರಿಂದ ಈಗ ಮೂರು ಗಂಟೆಗೇ ಹೋಗುತ್ತೇನೆ. ದುಡ್ಡು ಕೊಡುವ ಮೊದಲು ತೊಟ್ಟಿಯನ್ನು ಒಮ್ಮೆ ಬಗ್ಗಿ ನೋಡುತ್ತೇನೆ: ಅಲಗಿನ ಮೇಲೆ ಪಾಕ ಗುಡ್ಡೆಗುಡ್ಡೆಯಾಗಿ ಮಡಿಚಿಕೊಳ್ಳುತ್ತಿದ್ದರೆ ಒಂದು ಲೋಟ ಕೇಳುತ್ತೇನೆ, ಕುಲುಕುತ್ತಿದ್ದರೆ ಬೆಂಕಿಪೊಟ್ಟಣ ಕೊಂಡು ಮನೆಗೆ ಬರುತ್ತೇನೆ.